ಚಿಕಿತ್ಸೆ ಮುಗಿದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಲಿಂಫೋಮಾಕ್ಕೆ, ಅಂದರೆ ಆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿಗೆ, ಕೀಮೋ ಆಯ್ತು, ರೇಡಿಯೇಷನ್ನೂ ಮುಗೀತು, ಇನ್ನು ಆಸ್ಪತ್ರೆ ಕಡೆ ತಲೆ ಹಾಕಿಯೂ ಮಲಗಲ್ಲ ಅಂದೆಯಲ್ಲ, ಆಗ ನಕ್ಕುಬಿಟ್ಟೆ. ಆದರೆ ಮೊನ್ನೆ ನೀನು ಅಂಗಿಯ ಗುಂಡಿ ಹಾಕಲು ಪರದಾಡುತ್ತಿದ್ದುದನ್ನು ನೋಡಿದೆ. ಕೇಳಿದರೆ, 'ಏನಿಲ್ಲ ಬಿಡು, ಬೆರಳು ಸ್ವಲ್ಪ ಜೋಮು' ಅಂದೆ. ಕೀಮೋದ ವಿಂಕ್ರಿಸ್ಟಿನ್ ಅನ್ನುವ ಔಷಧಿ ನರಗಳಿಗೆ ತೊಂದರೆ ಕೊಡುತ್ತದೆ ಮಾರಾಯ. ಎಷ್ಟೋ ಜನರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ಡಾಕ್ಟರಿಗೆ ಹೇಳಿದರೆ ಕೈಗೆ ವ್ಯಾಯಾಮ, ನೋವಿದ್ದರೆ ಮಾತ್ರೆ ಸಿಗಬಹುದು. ನನಗೆ ಹೇಳಿದರೆ ಗುಂಡಿ ಹಾಕಿಕೊಡಬಹುದು, ಅಷ್ಟೇ.

ಲಿಂಫೋಮಾದವರನ್ನು ಮೊದಲ 2 ವರ್ಷ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಚೆಕಪ್ಪಿಗೆ ಕರೆಯುತ್ತಾರೆ. ಆಮೇಲೆ ಅಂತರ ಜಾಸ್ತಿಯಾಗುತ್ತದೆ. ಪ್ರತಿ ಸಲ ಸ್ಕ್ಯಾನ್ ಬರೆಯುವುದಿಲ್ಲ. ಸುಮ್ನೆ ಕುತ್ತಿಗೆ, ಕಂಕುಳು ಮುಟ್ಟಿ ನೋಡಿ ಕಳಿಸಿದರು ಅಂತ ಬೇಜಾರಾಗಬೇಡ. ಕಾಯಿಲೆ ಮರುಕಳಿಸಿದರೂ ಎಷ್ಟೋ ಸಲ ಮೊದಲು ಗೊತ್ತಾಗುವುದು ರೋಗಿಗೇ. ಹೊಸ ಗಂಟು, ಬಿಡದ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ. ಇಂಥದ್ದು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡ, ಆವತ್ತೇ ಫೋನ್ ಮಾಡು.

ಇನ್ನೊಂದು ಕೆಲಸ ಈ ವಾರವೇ ಆಗಬೇಕು. ನಿನ್ನ ಚಿಕಿತ್ಸೆಯ ಸಾರಾಂಶವನ್ನು ಕೇಳಿ ಬರೆಸಿಕೊ. ಡಿಸ್ಚಾರ್ಜ್ ಚೀಟಿಗಳ ಕಟ್ಟು ಇದೆಯಲ್ಲ ಅನ್ನಬೇಡ, ಅದನ್ನು ಯಾವ ಡಾಕ್ಟರೂ ಕೂತು ಓದಲ್ಲ. ಆ ಕೆಂಪು ಔಷಧಿ ಇತ್ತಲ್ಲ, ಡಾಕ್ಸೊರೂಬಿಸಿನ್, ಅದು ಒಟ್ಟು ಎಷ್ಟು ಮಿಲಿಗ್ರಾಂ ಹೋಗಿದೆ, ಕುತ್ತಿಗೆಗೆ ಎಷ್ಟು ಗ್ರೇ (ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್ ಬಿದ್ದಿದೆ ಅನ್ನುವುದು ಅದರಲ್ಲಿರಲಿ. ಈ ಔಷಧಿಯಿಂದ ಹೃದಯಕ್ಕೆ ಆಗುವ ತೊಂದರೆ ವರ್ಷಗಟ್ಟಲೆ ಬಿಟ್ಟು ಕಾಣಿಸಬಹುದು. ರೇಡಿಯೇಷನ್ನಿಂದ ಥೈರಾಯ್ಡ್ ಮೆಲ್ಲಗೆ ಕುಂದಬಹುದು, ಹಾಗಾಗಿ ವರ್ಷಕ್ಕೊಮ್ಮೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಬೇಕಾ ಅಂತ ಕೇಳು. ಮುಂದೆಂದೋ ಏದುಸಿರು ಅಂತ ಹೊಸ ಡಾಕ್ಟರ ಮುಂದೆ ಕೂತಾಗ ಅವರಿಗೆ ಬೇಕಾಗುವುದು ಆ ಒಂದು ಹಾಳೆ. ಹಲ್ಲಿನ ಡಾಕ್ಟರಿಗೂ ತೋರಿಸು.

ಚೆಕಪ್ ಹತ್ತಿರ ಬಂದರೆ ನಿದ್ದೆ ಬರಲ್ಲ ಅಂದಿದ್ದೆ. 'ಎಲ್ಲ ಮುಗೀತಲ್ಲ, ಇನ್ನೇನು ಭಯ' ಅನ್ನುವವರ ಹತ್ತಿರ ಅದನ್ನು ಹೇಳಿ ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲಿ ಕೌನ್ಸೆಲರ್ ಇದ್ದಾರಾ ಕೇಳು. ಇದೇ ದಾರಿಯಲ್ಲಿ ಬಂದವರ ಜೊತೆ ಮಾತಾಡು. ಯಾವುದೋ ಕಷಾಯ ಕುಡಿದು ಮಾತ್ರೆ ಬಿಡು ಅನ್ನುವ ಗುಂಪಾದರೆ ಮಾತ್ರ ಎದ್ದು ಬಾ.

ಮುಂದಿನ ತಾರೀಖು ತಿಳಿಸು, ನಾನೂ ಬರುತ್ತೇನೆ. ಒಳಗೆ ನೀನು ಮರೆತದ್ದನ್ನು ನಾನು ಕೇಳಬಹುದು, ಅಲ್ವಾ?

ಇಂತಿ,
ನಿನ್ನ ಗೆಳೆಯ