ಶನಿವಾರದ ಕ್ಲಾಸಿಗೆ ಏನೇನು ಬೇಕು

ಎಲ್ಲರಿಗೂ ನಮಸ್ಕಾರ. ಈ ಶನಿವಾರವೂ ಮಧ್ಯಾಹ್ನ 2 ಗಂಟೆಗೆ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ದಿನನಿತ್ಯದ ಬದುಕಿಗೆ ಬೇಕಾದ ಕೆಲಸ ಕಲಿಸುವ ಕ್ಲಾಸ್ ಇದೆ. ಶಿರಸಿಯಿಂದ ಹಳ್ಳಿ ಕಡೆ ಹೋಗುವವರಿಗೆ ಬಸ್ಸು ತಪ್ಪಬಾರದು, ನಾಲ್ಕಕ್ಕೆ ಬಿಡುತ್ತೇವೆ.

ಕಳೆದ ವಾರ ಬ್ಯಾಂಕಿನಲ್ಲಿ ಹಣ ಕಳಿಸುವ ಫಾರ್ಮ್ ತುಂಬಿಸಿದೆವು. ಲೆಕ್ಕದಲ್ಲಿ ಜಾಣೆಯಾದ ಹುಡುಗಿಯೊಬ್ಬಳು ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡಿನಲ್ಲಿ ಸೊನ್ನೆ ಬದಲು ಇಂಗ್ಲಿಷ್ ‘ಓ’ ಬರೆದಳು. ಆ ಕೋಡಿನಲ್ಲಿ ಒಟ್ಟು 11 ಅಂಕಿ-ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಇದನ್ನು ಹೇಳಿದ್ದೇ ತಡ, ಅಮ್ಮನ ಪಾಸ್‌ಬುಕ್ ತೆಗೆದು ಒಂದೊಂದಕ್ಕೂ ಬೆರಳಿಟ್ಟು ಎಣಿಸಿದಳು. ಆಮೇಲೆ ಪಕ್ಕದವಳಿಗೂ ಅವಳೇ ಹೇಳಿಕೊಟ್ಟಳು. ನನಗೆ ತುಂಬಾ ಖುಷಿಯಾಯಿತು.

ಈ ಸಲ ಫೋನಿನ ಮೋಸದ ಬಗ್ಗೆ. ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಇದು ಮಕ್ಕಳ ತಲೆಯಲ್ಲಿ ಕೂತರೆ ಮನೆಯ ಅಜ್ಜ-ಅಜ್ಜಿಯೂ ಮೋಸದಿಂದ ಉಳಿದುಕೊಳ್ಳುತ್ತಾರೆ, ಅಲ್ವಾ? ದುಡ್ಡು ಹೋದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದನ್ನೂ ಹೇಳಿಕೊಡುತ್ತೇವೆ.

ಬಿಲ್ ಓದಿ ಕಲಿಯಲು ಮಕ್ಕಳ ಕೈಯಲ್ಲಿ ಹೆಸ್ಕಾಂ ಕರೆಂಟ್ ಬಿಲ್ ಕಳಿಸಿ. ಅಡಿಕೆ ಮಾರಿದ ಬಿಲ್ ಇದ್ದರೆ ಇನ್ನೂ ಒಳ್ಳೆಯದು. ತೂಕ, ದರ, ಕಡಿತ ಎಲ್ಲ ಅದರಲ್ಲೇ ಇರುತ್ತದೆ. ಹೆಸರು, ಖಾತೆ ನಂಬರ್ ಕಾಣದಂತೆ ಮಡಚಿ ಕೊಡಿ.

ಪ್ಲಗ್ಗಿಗೆ ವೈರ್ ಕಟ್ಟುವುದು, ಗುಂಡಿ ಹೊಲಿಯುವುದು ಕಲಿಸಲು ಇಬ್ಬರು ಬೇಕು. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.