ಮೂರು ನಿಮಿಷದ ಕವಿತೆ, ಅದರ ಹಿಂದಿನ ದುಡಿಮೆ

ಪ್ರೀತಿಯ ತಂಗಿ,

ನಿನ್ನ ಕವಿತೆಯನ್ನು ಎರಡು ಸಲ ಓದಿದೆ, ಮೂರನೇ ಸಲ ಜೋರಾಗಿ ಓದಿದೆ. ಅಮೆರಿಕದ ಕಪ್ಪು ಕವಿಗಳ ಸ್ಪೋಕನ್ ವರ್ಡ್ ಕೇಳಿ ನಿನಗೂ ಹಾಗೆ ಜನರೆದುರು ನಿಂತು ಹೇಳುವ ಆಸೆ ಹುಟ್ಟಿದ್ದು ಸಂತೋಷ. ಆದರೆ ಅವರಿಂದ ನೀನು ದನಿಯ ಏರಿಳಿತವನ್ನಷ್ಟೇ ತೆಗೆದುಕೊಂಡಿದ್ದೀಯ. ಆ ದನಿ ಯಾರ ನಡುವೆ ಎದ್ದಿತು, ಯಾರಿಗಾಗಿ ಎದ್ದಿತು ಎಂಬುದನ್ನು ಮೊದಲು ತಿಳಿದುಕೋ.

1968ರ ಮೇ 19, ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಹುಟ್ಟಿದ ದಿನ. ಅಂದು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಒಂದು ಪಾರ್ಕಿನಲ್ಲಿ ‘ಲಾಸ್ಟ್ ಪೊಯೆಟ್ಸ್’ ಎಂಬ ಕವಿಗಳ ಗುಂಪು ಹುಟ್ಟಿತು. ಅದಕ್ಕೂ ಮೂರು ವರ್ಷ ಮೊದಲು ಡೆಟ್ರಾಯಿಟ್‌ನಲ್ಲಿ ಗ್ರಂಥಪಾಲಕ ಡಡ್ಲಿ ರ್‍ಯಾಂಡಲ್ ಒಂದೇ ಹಾಳೆಯ ಮೇಲೆ ಒಂದು ಕವಿತೆ ಅಚ್ಚು ಹಾಕಿಸಿ ಬ್ರಾಡ್‌ಸೈಡ್ ಪ್ರೆಸ್ ಶುರುಮಾಡಿದ್ದರು. ಆ ಮೊದಲ ಹಾಳೆಯಲ್ಲಿದ್ದದ್ದು 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿನ ಬಾಂಬಿಗೆ ಬಲಿಯಾದ ನಾಲ್ವರು ಹುಡುಗಿಯರ ನೋವು. ಶಿಕಾಗೋದಲ್ಲಿ 1967ರಲ್ಲಿ ‘ಹಾಕಿ ಮಧುಬುಟಿ’ ಎಂಬ ಕವಿ ನಾನೂರು ಡಾಲರ್ ಮತ್ತು ಪ್ರತಿ ತೆಗೆಯುವ ಒಂದು ಮಿಮಿಯೋಗ್ರಾಫ್ ಯಂತ್ರ ಇಟ್ಟುಕೊಂಡು ನೆಲಮಾಳಿಗೆಯಲ್ಲಿ ಥರ್ಡ್ ವರ್ಲ್ಡ್ ಪ್ರೆಸ್ ಎಂಬ ಪ್ರಕಾಶನ ತೆರೆದರು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್ ದೊಡ್ಡ ಪ್ರಕಾಶಕರನ್ನು ಬಿಟ್ಟು ಬ್ರಾಡ್‌ಸೈಡ್‌ಗೆ ಪುಸ್ತಕ ಕೊಟ್ಟರು, ಬೀದಿ ಗ್ಯಾಂಗಿನ ಹುಡುಗರನ್ನು ಕೂರಿಸಿಕೊಂಡು ಕಮ್ಮಟ ನಡೆಸಿದರು, ಶಾಲಾ ಮಕ್ಕಳ ಕವಿತೆಗೆ ಸ್ವಂತ ದುಡ್ಡಿನಿಂದ ಬಹುಮಾನ ಕೊಟ್ಟರು. ಇವರ್ಯಾರಿಗೂ ಇದೆಲ್ಲ ಕವಿತೆಯ ಹೊರಗಿನ ಸಮಾಜಸೇವೆ ಆಗಿರಲಿಲ್ಲ. ಕೇಳುವವರನ್ನೂ ಅಚ್ಚು ಹಾಕುವವರನ್ನೂ ಮುಂದೆ ಬರೆಯುವವರನ್ನೂ ತಮ್ಮ ಓಣಿಯಲ್ಲೇ ಬೆಳೆಸದಿದ್ದರೆ ಕವಿತೆ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈಗ ನಿನ್ನ ಕವಿತೆ. ಎರಡನೇ ನುಡಿಯಲ್ಲಿ ಕಪ್ಪು ಜನರ ಬಿಡುಗಡೆಗೆ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್, ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ಸಾಲಾಗಿ ಬಂದು ಹೋಗುತ್ತಾರೆ. ಪರಂಪರೆಯನ್ನು ಕೊಂಡಾಡುವ ಕವಿತೆಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹೆಸರು ಕೇಳಿದ ಜನ ಚಪ್ಪಾಳೆ ತಟ್ಟುತ್ತಾರೆ, ಆದರೆ ಆ ಚಪ್ಪಾಳೆ ಹೆಸರಿಗೆ, ನಿನ್ನ ಸಾಲಿಗಲ್ಲ. ಒಂದೇ ದಿನವನ್ನು ಹಿಡಿ. ಜೂನ್‌ಟೀಂತ್ ಹಬ್ಬವನ್ನೇ ನೋಡು, ಅಮೆರಿಕದ ಕಪ್ಪು ಜನ ಗುಲಾಮಗಿರಿಯಿಂದ ಬಿಡುಗಡೆಯನ್ನು ನೆನೆಯುವ ದಿನ. ಲಿಂಕನ್‌ರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಸೇನೆ ಬಂದು ಆ ಬಿಡುಗಡೆಯನ್ನು ಸಾರಿದ್ದು 1865ರ ಜೂನ್ 19ಕ್ಕೆ. ನಡುವಿನ ಎರಡೂವರೆ ವರ್ಷ ಆ ಜನ ಯಾರ ಹೊಲದಲ್ಲಿ ಹತ್ತಿ ಬಿಡಿಸಿದರು, ಆ ಕೂಲಿ ಎಲ್ಲಿ ಹೋಯಿತು? ಇವತ್ತಿಗೂ ಆ ದಿನ ಹಲವು ಮನೆಗಳಲ್ಲಿ ಕೆಂಪು ಪಾನೀಯ, ಕೆಂಡದ ಮೇಲೆ ಸುಟ್ಟ ಮಾಂಸ ಇರುತ್ತದೆ. ಕೆಂಪು ಲೋಟ ಕೈಯಲ್ಲಿ ಹಿಡಿದ ಮಗುವಿನಿಂದ ಶುರುಮಾಡಿ ಆ ಎರಡೂವರೆ ವರ್ಷಕ್ಕೆ ಇಳಿದರೆ ಸಂಭ್ರಮ, ಸಿಟ್ಟು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಸ್ಲ್ಯಾಮ್, ಅಂದರೆ ವೇದಿಕೆಯಲ್ಲಿ ಕವಿತೆ ಹೇಳುವ ಸ್ಪರ್ಧೆಯ ನಿಯಮ ಗೊತ್ತಿರಲಿ. ಮೂರು ನಿಮಿಷ, ಮೇಲೆ ಹತ್ತು ಸೆಕೆಂಡು ರಿಯಾಯಿತಿ, ಅದನ್ನೂ ದಾಟಿದರೆ ಪ್ರತಿ ಹತ್ತು ಸೆಕೆಂಡಿಗೆ ಅರ್ಧ ಅಂಕ ಕಡಿತ. ಸಭಿಕರಿಂದಲೇ ಆರಿಸಿದ ಐವರು ಹತ್ತರೊಳಗೆ ಅಂಕ ಕೊಡುತ್ತಾರೆ, ಅತಿ ಹೆಚ್ಚು ಅತಿ ಕಡಿಮೆ ಎರಡನ್ನೂ ಬಿಟ್ಟು ಉಳಿದದ್ದನ್ನು ಕೂಡಿಸುತ್ತಾರೆ. ವಾದ್ಯ, ವೇಷ, ಕೈಯಲ್ಲಿ ಹಿಡಿದು ತೋರಿಸುವ ಸಾಮಾನು ಯಾವುದೂ ಬೇಡ. ಮನೆಯಲ್ಲಿ 2 ನಿಮಿಷ 40 ಸೆಕೆಂಡಿಗೆ ಮುಗಿಯುವಂತೆ ಕಟ್ಟು, ಜನ ನಕ್ಕಾಗ, ಕೂಗಿದಾಗ ನೀನು ನಿಲ್ಲಬೇಕಾಗುತ್ತದೆ. ಕನ್ನಡದ ಪದಗಳು ಉದ್ದ, 250 ದಾಟಿದರೆ ಓಡಲು ಶುರುಮಾಡುತ್ತೀಯ. ಇನ್ನೊಂದು ತೊಡಕು ಕನ್ನಡದ್ದೇ: ಕ್ರಿಯಾಪದ ಕೊನೆಗೆ ಬರುತ್ತದೆ, ದನಿಯೂ ಅಲ್ಲೇ ಇಳಿಯುತ್ತದೆ. ಸಾಲು ಸಾಲಿಗೂ ‘ಇತ್ತು’, ‘ಆಗಿತ್ತು’ ಎಂದು ಮುಗಿಸಿದರೆ ಹಿಂದಿನ ಸಾಲಿನ ಕುರ್ಚಿಗೆ ಏನೂ ತಲುಪುವುದಿಲ್ಲ. ಅಂಥ ಕ್ರಿಯಾಪದದ ಬದಲು ತೂಕದ ಪದವನ್ನು ಸಾಲಿನ ಕೊನೆಗೆ ತಾ.

ಮೈಕಿಗೆ ಬಾಯಿ ಒಂದು ಮುಷ್ಟಿ ದೂರವಿರಲಿ, ಸ್ವಲ್ಪ ಓರೆಯಾಗಿ ಹಿಡಿ, ಇಲ್ಲದಿದ್ದರೆ ಪ, ಫ, ಭ ಅಕ್ಷರಗಳ ಗಾಳಿ ಬಡಿದು ‘ಡಬ್’ ಎನ್ನುತ್ತದೆ. ಕೂಗುವ ಸಾಲಿನಲ್ಲಿ ಮುಖ ಹಿಂದಕ್ಕೆ ಸರಿಯಲಿ.

ಕಪ್ಪು ಜನರ ಚರ್ಚಿನಿಂದ ಬಂದ ಕರೆ-ಓಗೊಡುವ ಪದ್ಧತಿಯನ್ನು ನೀನು ಬಳಸಿದ್ದು ಒಳ್ಳೆಯದೇ, ಆದರೆ ಜನ ಹೇಳಬೇಕಾದ ನಿನ್ನ ಸಾಲು ಹನ್ನೊಂದು ಪದದ್ದು. ಎರಡು ಮೂರು ಪದ ಸಾಕು. ಮೊದಲೇ ಒಂದು ಸಲ ಹೇಳಿಸಿ ಕಲಿಸು, ಮುಂದೆ ಒಂದಕ್ಷರವೂ ಬದಲಿಸಬೇಡ. ಬದಲಿಸಿದರೆ ಅರ್ಧ ಸಭೆ ಹಳೆಯದನ್ನು, ಅರ್ಧ ಹೊಸದನ್ನು ಹೇಳಿ ಲಯ ಮುರಿಯುತ್ತದೆ.

ನಿನ್ನ ಕವಿತೆಯ ‘ನಾನು’ ಸರಪಳಿ ಹಾಕಿಸಿಕೊಂಡ ಹೆಂಗಸು. ಅದನ್ನು ತೆಗೆದುಬಿಡು, ಆ ಗಾಯವನ್ನು ನಮ್ಮದೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ದೂರದಿಂದ ಕಲಿತವಳಾಗಿಯೇ ಮಾತಾಡು. ನಮ್ಮಲ್ಲೂ ಈ ಬಳ್ಳಿಯ ಬೇರು ಇದೆ. ಅಮೆರಿಕದ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದಲೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಇಲ್ಲಿ ಸಿದ್ದಲಿಂಗಯ್ಯನವರ ಹಾಡುಗಳನ್ನು ಜನ ಮೆರವಣಿಗೆಯಲ್ಲಿ ಹಾಡಿದರು. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಡಮಾಮಿ ಎಂಬ ಚರ್ಮವಾದ್ಯ ಬಾರಿಸುತ್ತ ಬದುಕಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅವರ ಬಗ್ಗೆ ನೀನು ಬರೆಯುವುದಕ್ಕಿಂತ ಅವರ ಹುಡುಗ ಹುಡುಗಿಯರಿಗೆ ಮೈಕು ಸಿಗುವಂತೆ ಮಾಡುವುದು ಹೆಚ್ಚಿನ ಕೆಲಸ. ಬಸ್ ಖರ್ಚು, ಊಟ, ಗೌರವಧನ ಮೊದಲೇ ತೆಗೆದಿಡು.

ಕಮ್ಮಟ ಮಾಡುವುದಾದರೆ ಹನ್ನೆರಡು ಜನ, ಎರಡು ಗಂಟೆ ಸಾಕು. ಮೊದಲ ದಿನವೇ ‘ನಿನ್ನ ದೊಡ್ಡ ನೋವು ಬರೆ’ ಎಂದು ಮಕ್ಕಳಿಗೆ ಹೇಳಬೇಡ. ಬರೆಯುವ ಮಗು ಒಡೆದುಹೋಗುತ್ತದೆ, ಹಿಡಿಯಲು ನಿನ್ನ ಬಳಿ ಯಾರೂ ಇರುವುದಿಲ್ಲ. ಅಜ್ಜಿಯ ಅಡುಗೆಮನೆ, ಓಣಿಯ ಸದ್ದು, ಹೆಸರಿಟ್ಟ ಕತೆ ಇವುಗಳಿಂದ ತೊಡಗು. ಬರೆದದ್ದನ್ನು ಓದುವುದೂ ಬಿಡುವುದೂ ಅವರ ಇಷ್ಟ. ಡಬ್ಬಿಯಲ್ಲಿ ಹಣ ಕೂಡಿಸಿದರೆ ಅದು ಯಾರಿಗೆ ಎಂದು ಮೊದಲೇ ಸಾರು, ಎಷ್ಟಾಯಿತು ಎಂದು ಅದೇ ಸಂಜೆ ಎಲ್ಲರೆದುರು ಎಣಿಸಿ ಹೇಳು.

ಎರಡನೇ ನುಡಿಯನ್ನು ಮೊದಲು ತಿದ್ದು. ಈ ಸಲ ಹಾಳೆಯ ಜೊತೆ ನಿಂತು ಹೇಳಿದ ಧ್ವನಿಮುದ್ರಣವನ್ನೂ ಕಳಿಸು, ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗುರುತು ಹಾಕಿ ಕಳಿಸುತ್ತೇನೆ.