ಫಾರಂ 29-30ಕ್ಕೆ ಸೈನ್ ಹಾಕಿಸಿ ಇಟ್ಟುಕೊಂಡರೆ ಸಾಲದು

ತುಮಕೂರು

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಭಾನುವಾರ ನೀನು ಸ್ನೇಹಿತನಿಂದ ಕೊಂಡ ಕಾರು ತಂದಾಗ ನಿನ್ನ ದೊಡ್ಡಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಳು. ಎಲ್ಲರೂ ಖುಷಿಯಲ್ಲಿದ್ದರು, ಅದಕ್ಕೇ ಆಗ ನಾನು ಏನೂ ಹೇಳಲಿಲ್ಲ. ಆದರೆ ಆರ್‌ಸಿ ಎಲ್ಲಿ ಅಂದಾಗ ನೀನು ಆಡಿದ ಮಾತು ಅವತ್ತಿಂದ ಕೊರೆಯುತ್ತಿದೆ: "29-30ಕ್ಕೆ ಸೈನ್ ಹಾಕಿಸಿ ಇಟ್ಟುಕೊಂಡಿದೀನಿ ದೊಡ್ಡಪ್ಪ, ಇನ್ಶೂರೆನ್ಸ್ ಮಾರ್ಚ್‌ವರೆಗೂ ಇದೆ, ನಿಧಾನಕ್ಕೆ ಮಾಡಿಸಿದರಾಯ್ತು."

29-30 ಅಂದರೆ ಗಾಡಿಯ ಹೆಸರು ಬದಲಾಯಿಸಲು ಆರ್‌ಟಿಒಗೆ ಕೊಡುವ ಫಾರಂಗಳಷ್ಟೇ, ಕೊಡದೆ ಇಟ್ಟುಕೊಂಡರೆ ಹೆಸರು ಬದಲಾಗುವುದಿಲ್ಲ. ಇನ್ಶೂರೆನ್ಸ್ ಇದೆ ಮಗ, ಆದರೆ ಅದು ನಿನ್ನ ಸ್ನೇಹಿತನದು. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ, ಗಾಡಿ ಕೈ ಬದಲಾದ ದಿನದಿಂದ ಥರ್ಡ್ ಪಾರ್ಟಿ ಭಾಗ ಮಾತ್ರ ಕೊಂಡವನಿಗೆ ತಾನಾಗಿ ಬರುತ್ತದೆ. ನೀನು ಯಾರಿಗಾದರೂ ಗುದ್ದಿದರೆ ಅವರಿಗೆ ಪರಿಹಾರ ಸಿಗಬಹುದು. ನಿನ್ನ ಬಾನೆಟ್ಟೇ ನುಜ್ಜುಗುಜ್ಜಾದರೆ, ಕಾರೇ ಕಳುವಾದರೆ? ಪಾಲಿಸಿ ನಿನ್ನ ಹೆಸರಿಗೆ ಆಗಿಲ್ಲದಿದ್ದರೆ ಕಂಪನಿ ಕೈಯೆತ್ತುತ್ತದೆ. ಸುಪ್ರೀಂ ಕೋರ್ಟೂ ಹಿಂದೆಯೇ ಹಾಗೆ ಹೇಳಿದೆ. 15 ಲಕ್ಷದ ಓನರ್-ಡ್ರೈವರ್ ಅಪಘಾತ ವಿಮೆಯೂ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೇ. ಎರಡು ವರ್ಷದ ಮಗುವಿನ ತಂದೆ ನೀನು.

ಇದನ್ನೆಲ್ಲ ನಾನು ಕಲಿತದ್ದು ಮಾರಿದವನ ಜಾಗದಲ್ಲಿ ನಿಂತು. ಆಗ ನೀನಿನ್ನೂ ಸ್ಕೂಲಿನಲ್ಲಿದ್ದೆ. ನನ್ನ ಮಾರುತಿ 800ನ್ನು ಗೊತ್ತಿದ್ದವನಿಗೇ ಕೊಟ್ಟೆ. ದುಡ್ಡು ಎಣಿಸಿಕೊಂಡು, ಬಿಳಿ ಹಾಳೆ ಮೇಲೆ ಬರೆದುಕೊಂಡು, 29-30ಕ್ಕೆ ಸಹಿ ಹಾಕಿದೆ. ಅವನು ಹೆಸರು ಬದಲಾಯಿಸಲಿಲ್ಲ, ಇನ್ಶೂರೆನ್ಸನ್ನೂ ಕಟ್ಟಲಿಲ್ಲ. ವರ್ಷ ಕಳೆದ ಮೇಲೆ ಕ್ಯಾತ್ಸಂದ್ರದ ಹತ್ತಿರ ಹಾಲು ಹಾಕಲು ಹೊರಟಿದ್ದ ಒಬ್ಬರ ಸೈಕಲ್ಲಿಗೆ ಗುದ್ದಿದ. ಕೋರ್ಟ್ ನೋಟಿಸು ಬಂದದ್ದು ನಮ್ಮ ಮನೆಗೆ. ಆ ಬಿಳಿ ಹಾಳೆಯನ್ನು ಮಡಿಕೆ ಬಿಡಿಸಿ ಕೊಟ್ಟೆ. ಕೋರ್ಟು ನೋಡಿದ್ದು ಆರ್‌ಸಿಯನ್ನು. ಅದರಲ್ಲಿದ್ದದ್ದು ನನ್ನ ಹೆಸರು. ಹಾಲಿನವರು ಕೋಲೂರಿಕೊಂಡು ಕುಂಟುತ್ತಾ ಒಳಗೆ ಬಂದದ್ದು ಇವತ್ತಿಗೂ ಕಣ್ಣ ಮುಂದಿದೆ. ಅವರಿಗೆ ಪರಿಹಾರ ಸಿಗಲೇಬೇಕಿತ್ತು, ಅದರಲ್ಲಿ ನನಗೆ ಬೇಸರವಿಲ್ಲ. ನಿನ್ನ ದೊಡ್ಡಮ್ಮನ ಎರಡು ಬಳೆ ಅಡ ಇಟ್ಟು ಕಟ್ಟಿದೆ. ಆಮೇಲೆ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾರಾಟವಾಗಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ ಎಂದಿತು. ನೀನು ನಿಧಾನ ಮಾಡಿದಷ್ಟು ದಿನವೂ ನಿನ್ನ ಸ್ನೇಹಿತ ನಾನಿದ್ದ ಜಾಗದಲ್ಲಿರುತ್ತಾನೆ.

ಕಾರು ತಗೊಂಡು ಇವತ್ತಿಗೆ 10 ದಿನ. ಪಾಲಿಸಿ ವರ್ಗಾವಣೆಗೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು, ಆರ್‌ಟಿಒಗೆ ಕೊಂಡವನು 30 ದಿನದೊಳಗೆ. ನಾಳೆಯೇ ಸ್ನೇಹಿತನ ಒಪ್ಪಿಗೆ ಪತ್ರ ಬರೆಸಿಕೊಂಡು, 29-30ರ ಜೆರಾಕ್ಸ್ ಜೊತೆ ಇನ್ಶೂರೆನ್ಸ್ ಆಫೀಸಿಗೆ ಹೋಗು. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಬಾ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಕ್ಕ ರಿಯಾಯಿತಿ, ಅವನದು, ಗಾಡಿಯ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ದುಡ್ಡು ಕೇಳುತ್ತಾರೆ, ಗೊಣಗದೆ ಕಟ್ಟು. ಆರ್‌ಸಿ ಮೇಲೆ ಬ್ಯಾಂಕಿನ ಸಾಲ ನಮೂದಾಗಿದ್ದರೆ ಎನ್‌ಒಸಿ ತರಿಸಿ ಮೊದಲು ತೆಗೆಸು. ಅಲ್ಲಿಯವರೆಗೆ ಹೈವೇಗೆ ಇಳಿಸಬೇಡ. ಬೇಕಾದರೆ ನನ್ನ ಸ್ಕೂಟರ್ ತಗೊಂಡು ಹೋಗು.

ಹೊಸ ಆರ್‌ಸಿ ಕೈಗೆ ಬಂದ ದಿನ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡು, ನಿನ್ನ ಸ್ನೇಹಿತನಿಗೂ ಒಂದು ಕಳಿಸು.

ಇಂತಿ ನಿನ್ನ,
ದೊಡ್ಡಪ್ಪ